ತೊಟ್ಟಿ ಮಗುಚಿದವರು

ಹಲಸೂರಿನ ಸೋಮೇಶ್ವರ ದೇವಸ್ಥಾನದ ಆಸುಪಾಸಿನ ಕೆಲವು ಓಣಿಗಳಲ್ಲಿ ಎದುರಿನಿಂದ ಇನ್ನೊಬ್ಬರು ಬಂದರೆ ನಾವು ಯಾರದೋ ಮನೆಯ ಹೊಸ್ತಿಲು ಹತ್ತಿ ದಾರಿ ಬಿಡಬೇಕು. ಆ ಹೊಸ್ತಿಲ ಪಕ್ಕದಲ್ಲಿ ಬೇರೇನಿಲ್ಲದಿದ್ದರೂ ಒಂದು ನೀಲಿ ಡ್ರಮ್ಮಂತೂ ಇರುತ್ತದೆ. ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಆಶಾ ಕಾರ್ಯಕರ್ತೆಯೊಬ್ಬರ ಬೆನ್ನು ಹತ್ತಿ ನಾನೂ ಈ ಓಣಿಗಳನ್ನು ಸುತ್ತಿದೆ. ಅವರ ಕೈಯಲ್ಲಿ ಒಂದು ಟಾರ್ಚು, ಹೆಗಲಿಗೆ ರಿಜಿಸ್ಟರ್ ತುರುಕಿದ ಬಟ್ಟೆ ಚೀಲ.

"ಅಕ್ಕಾ, ಡ್ರಮ್ ನೋಡ್ಬೇಕಿತ್ತು."

"ಮೊನ್ನೆ ತಾನೇ ನೋಡ್ಕೊಂಡ್ ಹೋದ್ರಲ್ಲಮ್ಮ."

"ಮೊನ್ನೆ ಅಲ್ಲ ಅಕ್ಕಾ, ಹೋದ ವಾರ. ಹುಳ ಆಗಕ್ಕೆ ಅಷ್ಟೇ ಸಾಕು."

ಮುಚ್ಚಳ ಸರಿಸಿ ಟಾರ್ಚು ಹಾಕಿದರು. ನೀರು ತಿಳಿಯಾಗಿತ್ತು, ಕುಡಿಯಬಹುದು ಅನ್ನಿಸುವಷ್ಟು. ಬೆಳಕು ಬಿದ್ದದ್ದೇ ತಡ, ಮೇಲೆ ತೇಲುತ್ತಿದ್ದ ಅಲ್ಪವಿರಾಮದ ಗಾತ್ರದ ಏಳೆಂಟು ಜೀವಿಗಳು ಮೈ ಕೊಂಕಿಸುತ್ತಾ ತಳಕ್ಕಿಳಿದವು. ಇನ್ನೆರಡು ಮೂರು ದಿನ ಬಿಟ್ಟಿದ್ದರೆ ರೆಕ್ಕೆ ಬಂದು ಹಾರುತ್ತಿದ್ದವು. ಚೆಲ್ಲಿಬಿಡಿ ಎಂದರು ಆಶಾ. ಮನೆಯಾಕೆಗೆ ಸಿಟ್ಟು ಬಂತು. "ಚೆಲ್ಲೋದೇನು, ಚೆಲ್ತೀನಿ. ನಾಳೆ ನೀರು ನೀನು ತಂದು ಹಾಕ್ತೀಯಾ? ಬರೋದೇ ಎರಡು ದಿನಕ್ಕೊಂದ್ಸಲ." ಆಶಾ ವಾದಕ್ಕೆ ನಿಲ್ಲಲಿಲ್ಲ. ಬಟ್ಟೆಯಲ್ಲಿ ಸೋಸಿ ಬಿಂದಿಗೆಗಳಿಗೆ ಬಸಿದುಕೊಳ್ಳಿ, ಖಾಲಿ ಡ್ರಮ್ಮಿನ ಒಳಗೋಡೆಯನ್ನು ಮಾತ್ರ ನಾರು ಹಾಕಿ ಚೆನ್ನಾಗಿ ತಿಕ್ಕಿ, ಮೊಟ್ಟೆ ಅಲ್ಲೇ ಅಂಟಿಕೊಂಡಿರುತ್ತೆ ಎಂದರು. ಮನೆಯಾಕೆ ಗೊಣಗುತ್ತಲೇ ಹಳೇ ಪಂಚೆ ಹುಡುಕಲು ಒಳಗೆ ಹೋದರು. ನಾವು ಮುಂದಿನ ಮನೆಗೆ ಹೋದೆವು. ಅಲ್ಲೂ ಅದೇ ಡ್ರಮ್ಮು, ಅದೇ ಮಾತು.

ಈ ಜಗಳ ನಮ್ಮ ದಂಡಿಗೆ, ಅಂದರೆ ಕಂಟೋನ್ಮೆಂಟಿಗೆ, ಹೊಸದಲ್ಲ. 1883ರಲ್ಲಿ ಬೆಂಗಳೂರು ಕಂಟೋನ್ಮೆಂಟಿಗೆ ಹಂಗಾಮಿ ಗ್ಯಾರಿಸನ್ ಸರ್ಜನ್ ಆಗಿ ಇಪ್ಪತ್ತಾರು ವರ್ಷದ ಒಬ್ಬ ಮಿಲಿಟರಿ ಡಾಕ್ಟರ್ ಬಂದ. ಅಲ್ಮೋರಾದಲ್ಲಿ ಹುಟ್ಟಿದ ಬ್ರಿಟಿಷ್ ಪ್ರಜೆ, ಹೆಸರು ರೊನಾಲ್ಡ್ ರಾಸ್. ಆಸ್ಪತ್ರೆ ಕೆಲಸಕ್ಕಿಂತ ಪದ್ಯ, ಗಣಿತಗಳಲ್ಲೇ ಅವನಿಗೆ ಹೆಚ್ಚು ಆಸಕ್ತಿ. ಕೊಟ್ಟಿದ್ದ ಬಂಗಲೆ ಅವನಿಗೆ ಹಿಡಿಸಿತ್ತು, ಸೊಳ್ಳೆ ಕಾಟವೊಂದನ್ನು ಬಿಟ್ಟು. ಅದೂ ಒಂದು ಕಿಟಕಿಯ ಬಳಿ ವಿಪರೀತ. ಹೊರಗೆ ಹೋಗಿ ನೋಡಿದರೆ ಆ ಕಿಟಕಿಯ ಕೆಳಗೇ ನೀರು ತುಂಬಿದ ಒಂದು ತೊಟ್ಟಿ, ಅದರ ತುಂಬ ಹುಳ. ತೊಟ್ಟಿಯನ್ನು ಮಗುಚಿ ಹಾಕಿಸಿದ. ಸೊಳ್ಳೆ ಕಡಿಮೆಯಾಯಿತು. ಇದೇ ಉಪಾಯವನ್ನು ಅಧಿಕಾರಿಗಳ ಮೆಸ್ಸಿನಲ್ಲೂ ಮಾಡೋಣ ಎಂದು ಉತ್ಸಾಹದಿಂದ ಅಡ್ಜುಟೆಂಟ್ ಬಳಿ ಹೇಳಿದರೆ ಆತ ಒಪ್ಪಲಿಲ್ಲ. ಸೊಳ್ಳೆಗಳನ್ನು ಏನೋ ಒಂದು ಉದ್ದೇಶಕ್ಕೆ ಸೃಷ್ಟಿಸಲಾಗಿದೆ, ಸಹಿಸಿಕೊಳ್ಳುವುದು ನಮ್ಮ ಕರ್ತವ್ಯ ಎಂಬ ಅರ್ಥದ ಮಾತಾಡಿದನಂತೆ. ರಾಸ್ ತನ್ನ ಆತ್ಮಕಥೆಯಲ್ಲಿ ಇದನ್ನು ಬರೆದಿಟ್ಟಿದ್ದಾನೆ. ಮಲೇರಿಯಾಕ್ಕೂ ಸೊಳ್ಳೆಗೂ ಸಂಬಂಧವಿದೆ ಎಂಬುದು ಆಗ ಅವನಿಗೂ ಗೊತ್ತಿರಲಿಲ್ಲ. ನಿದ್ದೆಗೆಡಿಸುವ ಕಾಟ ತಪ್ಪಿಸಿಕೊಳ್ಳಲು ತೊಟ್ಟಿ ಮಗುಚಿದ, ಅಷ್ಟೇ.

ಅದಕ್ಕೆ ಎರಡು ವರ್ಷ ಮೊದಲು, 1881ರ ಆಗಸ್ಟಿನಲ್ಲಿ, ಕೆರಿಬಿಯನ್ ಸಮುದ್ರದ ಕ್ಯೂಬಾದಲ್ಲಿ ಇನ್ನೊಬ್ಬ ಡಾಕ್ಟರನಿಗೂ ಇದೇ ಗತಿಯಾಗಿತ್ತು. ಹವಾನಾದ ವಿಜ್ಞಾನ ಅಕಾಡೆಮಿಯಲ್ಲಿ ಕಾರ್ಲೋಸ್ ಫಿನ್ಲೆ ಎದ್ದು ನಿಂತು, ಹಳದಿ ಜ್ವರವನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವುದು ಸೊಳ್ಳೆ ಎಂದ. ಯಾವ ಸೊಳ್ಳೆ ಎಂಬುದನ್ನೂ ಹೇಳಿದ. ಸುಮಾರು ಇಪ್ಪತ್ತು ವರ್ಷ ಯಾರೂ ಕಿವಿಗೊಡಲಿಲ್ಲ, ನಕ್ಕವರೇ ಹೆಚ್ಚು. 1900ರಲ್ಲಿ ಅಮೆರಿಕದ ಸೇನಾ ವೈದ್ಯರ ತಂಡ ಅವನ ಮಾತನ್ನು ಪರೀಕ್ಷಿಸಿ ನಿಜವೆಂದ ಮೇಲೆ ಹವಾನಾದಲ್ಲಿ ಮನೆ ಮನೆಯ ನೀರಿನ ತೊಟ್ಟಿ ಮುಚ್ಚಿಸುವ, ನಿಂತ ನೀರಿಗೆ ಎಣ್ಣೆ ಬಿಡುವ ಕೆಲಸ ಶುರುವಾಯಿತು. ಒಂದೇ ವರ್ಷದಲ್ಲಿ, 1901ರ ಕೊನೆಯ ಹೊತ್ತಿಗೆ, ಶತಮಾನಗಳಿಂದ ಬೀಡುಬಿಟ್ಟಿದ್ದ ಹಳದಿ ಜ್ವರ ಆ ನಗರವನ್ನು ಬಿಟ್ಟಿತು. ಫಿನ್ಲೆ ಬೆರಳು ಮಾಡಿ ತೋರಿಸಿದ ಸೊಳ್ಳೆಯನ್ನು ಈಗ ಈಡಿಸ್ ಈಜಿಪ್ಟೈ ಎನ್ನುತ್ತಾರೆ. ಹಲಸೂರಿನ ಆ ಡ್ರಮ್ಮಿನಲ್ಲಿ ಮೈ ಕೊಂಕಿಸುತ್ತಿದ್ದುದೂ ಬಹುಪಾಲು ಅದೇ ಸಂತತಿ. ಕಾಲಿಗೆ ಬಿಳಿ ಪಟ್ಟೆ, ಹಗಲಲ್ಲಿ ಕಡಿತ, ಚರಂಡಿ ನೀರಿಗಿಂತ ತಿಳಿನೀರಿನ ಮೇಲೆ ಪ್ರೀತಿ.

ರಾಸ್ 1895ರ ಸೆಪ್ಟೆಂಬರಿನಲ್ಲಿ ಮತ್ತೆ ಬೆಂಗಳೂರಿಗೆ ಬಂದ. ಈ ಸಲ ಕಾಲರಾ ತಡೆಯುವ ವಿಶೇಷ ಕರ್ತವ್ಯ. ಸಿಕಂದರಾಬಾದಿನಲ್ಲಿ ಸೊಳ್ಳೆ ಕೊಯ್ಯುತ್ತ ಕೂತಿದ್ದವನನ್ನು ಎಬ್ಬಿಸಿ ಕಳಿಸಿದ್ದಕ್ಕೆ ಅವನಿಗೆ ಬೇಸರವೂ ಇತ್ತು. ಕಾಲರಾ ಎಂದರೆ ರೋಗಿಯ ನಾಡಿಗಿಂತ ಊರಿನ ಬಾವಿ, ಚರಂಡಿ, ತಿಪ್ಪೆಗಳನ್ನು ಹಿಡಿದು ನೋಡಬೇಕಾದ ಕೆಲಸ. 1897ರ ಆಗಸ್ಟ್ 20ರಂದು, ಸಿಕಂದರಾಬಾದಿಗೆ ಮರಳಿದ ಮೇಲೆ, ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡ. 1902ರಲ್ಲಿ ನೊಬೆಲ್ ಬಂತು. ಆ ಖ್ಯಾತಿಯಲ್ಲಿ ಸಿಕಂದರಾಬಾದಿಗೆ, ಕೋಲ್ಕತ್ತಕ್ಕೆ ಪಾಲು ಸಿಕ್ಕಿತು. ನಮ್ಮ ದಂಡಿನ ಪಾಲಿಗೆ ಬಂದದ್ದು ಒಂದು ಮಗುಚಿದ ತೊಟ್ಟಿ. ನನ್ನನ್ನು ಕೇಳಿದರೆ ಜ್ವರದಿಂದ ಜನರನ್ನು ಉಳಿಸುವುದಕ್ಕೆ ಸೂಕ್ಷ್ಮದರ್ಶಕದಷ್ಟೇ ಆ ತೊಟ್ಟಿಯೂ ಮುಖ್ಯ.

ರಾಸ್ ಬೆಂಗಳೂರು ಬಿಟ್ಟ ಮರುವರ್ಷವೇ ಇಲ್ಲಿಗೆ ಪ್ಲೇಗು ಬಂತು. 1898ರ ಆಗಸ್ಟಿನಲ್ಲಿ, ಹುಬ್ಬಳ್ಳಿ ಕಡೆಯಿಂದ ಬಂದ ರೈಲ್ವೆ ನೌಕರನೊಬ್ಬನಿಂದ ಎನ್ನುತ್ತವೆ ದಾಖಲೆಗಳು. ಆಗ ಬೆಂಗಳೂರು ಒಂದಲ್ಲ, ಎರಡು. ಪೇಟೆ ಮೈಸೂರು ಸಂಸ್ಥಾನದ್ದು, ದಂಡು ಬ್ರಿಟಿಷರದ್ದು. ಎರಡಕ್ಕೂ ಬೇರೆ ಬೇರೆ ಮುನಿಸಿಪಾಲಿಟಿ, ಬೇರೆ ಬೇರೆ ಕಾಯಿದೆ. ಇಲಿಗೆ ಅದು ಗೊತ್ತಿರಲಿಲ್ಲ. ಮನೆಯಲ್ಲಿ ಇಲಿ ಬಿತ್ತು ಎಂದರೆ ಜನ ಗಂಟುಮೂಟೆ ಕಟ್ಟಿ ಊರಾಚೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ನಮ್ಮ ಅಜ್ಜಿಯರ ಕಾಲದವರೆಗೂ 'ಇಲಿ ಬಿತ್ತು' ಎನ್ನುವುದು ಹೆದರಿಕೆಯ ಮಾತೇ.

ಆ ಹೊತ್ತಿನ ಬೆಂಗಳೂರಿನಲ್ಲಿ ಪ್ಲೇಗ್ ಶಿಬಿರಗಳಲ್ಲಿ ದುಡಿದ ಡಾ. ಪಲ್ಪು ಅವರ ಹೆಸರನ್ನು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. ಈಳವ ಜಾತಿಯಲ್ಲಿ ಹುಟ್ಟಿದರೆಂಬ ಕಾರಣಕ್ಕೆ ತಿರುವಾಂಕೂರು ಸರ್ಕಾರ ಅವರಿಗೆ ಕೆಲಸ ಕೊಡಲಿಲ್ಲ. ಮೈಸೂರು ಕೊಟ್ಟಿತು. ಸಿಡುಬಿನ ಲಸಿಕೆ ತಯಾರಿಸುವ ಕೆಲಸ ನೋಡಿಕೊಳ್ಳುತ್ತಿದ್ದ ಅವರು, ಇತರರು ಊರು ಬಿಡುತ್ತಿದ್ದಾಗ ಹೆಣಗಳ ನಡುವೆ ಓಡಾಡಿದರು. ಕೇರಳದಲ್ಲಿ ಅವರನ್ನು ಸಮಾಜ ಸುಧಾರಕರೆಂದು ಸ್ಮರಿಸುತ್ತಾರೆ. ಬೆಂಗಳೂರಿನಲ್ಲಿ ನೆನೆಯುವವರು ಕಡಿಮೆ.

ಪ್ಲೇಗು ಪೇಟೆಯ ಕಡೆ ಬಸವನಗುಡಿ, ಮಲ್ಲೇಶ್ವರಗಳನ್ನು ಬೆಳೆಸಿದ್ದು ಎಲ್ಲರಿಗೂ ಗೊತ್ತು. ದಂಡಿನ ಕಡೆ ಅದು ಫ್ರೇಜರ್ ಟೌನನ್ನು ಕಟ್ಟಿಸಿತು. ಇಂದಿನ ಶಿವಾಜಿನಗರ, ಅಂದಿನ ಬ್ಲ್ಯಾಕ್‌ಪಲ್ಲಿ, ಗಾಳಿ ಆಡದಷ್ಟು ಒತ್ತೊತ್ತಾಗಿತ್ತು. ಅಲ್ಲಿನ ಜನಕ್ಕೆ ಬಿಡುಬೀಸಾದ ಹೊಸ ಬಡಾವಣೆ ಬೇಕಾಯಿತು. ದಂಡಿನ ಮುನಿಸಿಪಲ್ ಎಂಜಿನಿಯರ್ ಜೆ.ಎಚ್. ಸ್ಟೀಫನ್ಸ್ ಎಂಬವರು ಇಲಿ ನುಸುಳದಂಥ ಮನೆ, ಬೀದಿ, ಮೋರಿಗಳನ್ನು ಕಟ್ಟುವುದು ಹೇಗೆ ಎಂದು ಒಂದು ಪುಸ್ತಕವನ್ನೇ ಬರೆದರು. 1914ರಲ್ಲಿ ಅದು ಮದ್ರಾಸಿನಲ್ಲಿ ಅಚ್ಚಾಯಿತು. ಇವತ್ತು ಫ್ರೇಜರ್ ಟೌನಿನಲ್ಲಿ ರಂಜಾನ್ ರಾತ್ರಿ ಹಲೀಮ್ ತಿನ್ನಲು ಹೋಗುವ ಹುಡುಗರಿಗೆ, ಆ ನೇರ ಬೀದಿಗಳ ಹಿಂದೆ ಇಲಿಯ ಭಯವಿದೆ ಎಂದರೆ ನಗುತ್ತಾರೆ.

ಆಸ್ಪತ್ರೆಗಳ ಕತೆಯನ್ನು ಬೇಗ ಹೇಳಿಬಿಡುತ್ತೇನೆ, ಅದು ಊರಿಗೇ ಗೊತ್ತಿರುವುದು. ಬೌರಿಂಗ್ ಆಸ್ಪತ್ರೆ 1868ರಲ್ಲಿ ಶುರುವಾಯಿತು. ಕಮಿಷನರ್ ಬೌರಿಂಗ್ ಹೆಸರಿನದು, ನಕಾಶೆಗೆ ಮಾದರಿ ಪ್ಯಾರಿಸ್ಸಿನ ಲಾರಿಬ್ವಾಸಿಯೇರ್ ಆಸ್ಪತ್ರೆ. ಮುಂದೆ ಹೆಂಗಸರಿಗೆಂದು ಲೇಡಿ ಕರ್ಜನ್ ಹೆಸರಿನ ಆಸ್ಪತ್ರೆ ಸೇರಿಕೊಂಡಿತು. ಈಗ ಅಲ್ಲಿ ಅಟಲ್ ಬಿಹಾರಿ ವಾಜಪೇಯಿ ಹೆಸರಿನ ವೈದ್ಯಕೀಯ ಕಾಲೇಜಿದೆ. ಆದರೂ ಆಟೋದವರಿಗೆ 'ಬೌರಿಂಗ್' ಎಂದರೇ ಅರ್ಥವಾಗುವುದು. ಗೋಷಾ ಪಾಲಿಸುವ ಹೆಂಗಸರು ಗಂಡು ಡಾಕ್ಟರಿಗೆ ಮೈ ತೋರಿಸಲು ಹಿಂಜರಿದು ಮನೆಯಲ್ಲೇ ಹೆರಿಗೆಗೆ ಸಾಯುತ್ತಿದ್ದ ಕಾಲದಲ್ಲಿ, ವ್ಯಾಪಾರಿ ಹಾಜಿ ಸರ್ ಇಸ್ಮಾಯಿಲ್ ಸೇಠ್ ಕೊಟ್ಟ ಹಣದಿಂದ ಗೋಷಾ ಆಸ್ಪತ್ರೆ ಎದ್ದಿತು. ಈಗ ಅದರ ಹೊರಗೆ ಎಲ್ಲ ಜಾತಿಯ ಅತ್ತೆಯರೂ ಫ್ಲಾಸ್ಕ್ ಹಿಡಿದು ಕೂತಿರುತ್ತಾರೆ. ಹಳೆ ಮದ್ರಾಸ್ ರಸ್ತೆಯಲ್ಲಿ ಐಸೋಲೇಷನ್ ಆಸ್ಪತ್ರೆ. ಗಂಟಲುಮಾರಿ, ಹುಚ್ಚುನಾಯಿ ರೋಗ, ವಾಂತಿಭೇದಿ, ಬೇರೆಲ್ಲೂ ಸೇರಿಸಿಕೊಳ್ಳದ ಕಾಯಿಲೆಗಳೆಲ್ಲ ಅಲ್ಲಿಗೇ. ಇಂದಿರಾನಗರದ ಬಾರು, ಬೋಟಿಕ್‌ಗಳ ಥಳುಕಿನ ಪಕ್ಕ ಅಂಥದ್ದೊಂದು ಆಸ್ಪತ್ರೆಯಿದೆ ಎಂಬುದು ಅಲ್ಲಿ ಸಂಜೆ ಕಳೆಯುವ ಬಹಳ ಜನಕ್ಕೆ ಗೊತ್ತೇ ಇಲ್ಲ. ಅಲ್ಲೇ ಸರ್ ಸಿ.ವಿ. ರಾಮನ್ ಸಾರ್ವಜನಿಕ ಆಸ್ಪತ್ರೆ. ಅಲ್ಲಿಂದ ಪೂರ್ವಕ್ಕೆ ಹೋದ ಹಾಗೆ, ಟಿನ್ ಫ್ಯಾಕ್ಟರಿ ದಾಟಿ, ಕೆ.ಆರ್. ಪುರದ ತೂಗುಸೇತುವೆ ದಾಟಿ, ಸರ್ಕಾರಿ ಹಾಸಿಗೆ ವಿರಳವಾಗುತ್ತದೆ, ಖಾಸಗಿ ಬೋರ್ಡು ದೊಡ್ಡದಾಗುತ್ತದೆ.

ಪೂರ್ವದ ಆ ಭಾಗದ ಮಾತೇ ಬೇರೆ. ಕೆ.ಆರ್. ಪುರ, ಮಹದೇವಪುರ ಪ್ರತ್ಯೇಕ ನಗರಸಭೆಗಳಾಗಿದ್ದವು. 2007ರಲ್ಲಿ 110 ಹಳ್ಳಿಗಳ ಜೊತೆ ಬಿಬಿಎಂಪಿಗೆ ಸೇರಿದವು. ಈಗ, 2025ರ ಸೆಪ್ಟೆಂಬರಿನಿಂದ, ಅವಕ್ಕೇ ಬೆಂಗಳೂರು ಪೂರ್ವ ನಗರ ಪಾಲಿಕೆ ಎಂಬ ಹೊಸ ಹೆಸರು. ಹೆಸರು ಬದಲಾದಷ್ಟು ಬೇಗ ಪೈಪು ಬರಲಿಲ್ಲ. ಕಾವೇರಿ ಐದನೇ ಹಂತದ, ದಿನಕ್ಕೆ 775 ದಶಲಕ್ಷ ಲೀಟರ್ ನೀರು ಆ 110 ಹಳ್ಳಿಗಳಿಗೆಂದು ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ಅದಕ್ಕೆ ಮೊದಲಿನ ಬೇಸಿಗೆ ನೆನಪಿದೆಯಲ್ಲ? ಕೊಳವೆಬಾವಿಗಳು ಕೈಕೊಟ್ಟವು. ಟ್ಯಾಂಕರ್ ದರಕ್ಕೆ ಸರ್ಕಾರವೇ ಮಿತಿ ಹಾಕಬೇಕಾಯಿತು, ಐದು ಕಿಲೋಮೀಟರ್ ಒಳಗೆ 12,000 ಲೀಟರ್‌ಗೆ 1,000 ರೂಪಾಯಿ ಎಂದು. ಅಪಾರ್ಟ್‌ಮೆಂಟಿನವರು ಸಂಪು ತುಂಬಿಸಿಕೊಂಡರು. ಶೀಟಿನ ಮನೆಯವರು ಡ್ರಮ್ಮು, ಬಕೆಟ್ಟು, ಅನ್ನದ ಪಾತ್ರೆ, ಮಗುವಿನ ಸ್ನಾನದ ಟಬ್ಬು, ನೀರು ನಿಲ್ಲುವ ಎಲ್ಲದರಲ್ಲೂ ತುಂಬಿಟ್ಟರು. ಯಾರು ತಾನೇ ಚೆಲ್ಲುತ್ತಾರೆ?

ಜೂನಿನಲ್ಲಿ ಮಳೆ ಹಿಡಿಯಿತು, ಜುಲೈಯಲ್ಲಿ ಡೆಂಗಿ. ಸೆಪ್ಟೆಂಬರ್ ಹೊತ್ತಿಗೆ ರಾಜ್ಯದಲ್ಲಿ 25 ಸಾವಿರಕ್ಕೂ ಹೆಚ್ಚು ಪ್ರಕರಣ. ನಗರದಲ್ಲಿ ಹೆಚ್ಚು ಜ್ವರ ಕಂಡ ವಲಯಗಳಲ್ಲಿ ಮಹದೇವಪುರವೂ ಇತ್ತು, ಪೂರ್ವವೂ ಇತ್ತು. ಬೇಸಿಗೆಯ ಬರಕ್ಕೂ ಮಳೆಗಾಲದ ಜ್ವರಕ್ಕೂ ನಂಟಿಲ್ಲ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಈ ಸೊಳ್ಳೆಯ ಮೊಟ್ಟೆ ಒಣಗಿದ ಪಾತ್ರೆಯ ಅಂಚಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ನೀರು ಮುಟ್ಟಿದ ಮೇಲೆ ವಾರ, ಹತ್ತು ದಿನದಲ್ಲಿ ಸೊಳ್ಳೆ. ಶಿವಾಜಿನಗರದ ಗುಜರಿ ಅಂಗಡಿಗಳ ಮುಂದೆ ಪೇರಿಸಿಟ್ಟ ಟೈರುಗಳನ್ನು ಮಳೆ ನಿಂತ ಮರುದಿನ ಬಗ್ಗಿ ನೋಡಿದರೆ ಇದು ತಿಳಿಯುತ್ತದೆ.

ಆ ಜುಲೈಯಲ್ಲಿ ನಮ್ಮ ಮನೆಗೂ ಬಂತು. ಅಣ್ಣನ ಮಗಳಿಗೆ ಹದಿನಾಲ್ಕು ವರ್ಷ. ನಾಲ್ಕು ದಿನ ಕೆಂಡದಂಥ ಜ್ವರ. ಫೋನು ಮಾಡಿದವರೆಲ್ಲ ಕೇಳಿದ್ದು ಒಂದೇ: "ಪ್ಲೇಟ್‌ಲೆಟ್ ಎಷ್ಟಿದೆ?" ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕೇಳಿದ ಹಾಗೆ. ಪಕ್ಕದ ಬೀದಿಯ ಪರಂಗಿ ಗಿಡದಲ್ಲಿ ಎಲೆ ಉಳಿದಿರಲಿಲ್ಲ. ಐದನೇ ದಿನ ಜ್ವರ ಇಳಿಯಿತು, ನಾವು ನಿಟ್ಟುಸಿರು ಬಿಟ್ಟೆವು. ಅದೇ ದಿನ ಸಂಜೆ ಹುಡುಗಿ ಹೊಟ್ಟೆನೋವು ಎಂದಳು, ಎರಡು ಸಲ ವಾಂತಿ, ಕೈಕಾಲು ತಣ್ಣಗೆ. ನಾವು ಮೊದಲು ಓಡಿದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮುಂಗಡ ಕಟ್ಟುವ ತನಕ ಯಾರೂ ಮುಟ್ಟಲಿಲ್ಲ. ಇನ್ನೊಂದು ಕಡೆ ವಯಸ್ಸಾದ ಡಾಕ್ಟರೊಬ್ಬರು ಪ್ಲೇಟ್‌ಲೆಟ್ ಚೀಟಿಯನ್ನು ಪಕ್ಕಕ್ಕಿಟ್ಟು, ಬಿ.ಪಿ. ನೋಡಿ, ಸಲೈನ್ ಹಾಕಿ, ಉಚ್ಚೆ ಎಷ್ಟು ಹೊತ್ತಿಗೆ ಹೋದಳು ಎಂದು ಕೇಳಿದರು. ಡೆಂಗಿಯಲ್ಲಿ ಅಪಾಯ ಶುರುವಾಗುವುದೇ ಜ್ವರ ಇಳಿಯುವಾಗ ಎಂದು ಆವತ್ತು ಅವರು ಹೇಳಿಕೊಟ್ಟರು. ರಕ್ತನಾಳದಿಂದ ನೀರಿನಂಶ ಸೋರಲು ತೊಡಗುತ್ತದೆ, ರಕ್ತ ಗಟ್ಟಿಯಾಗುತ್ತದೆ, ಬಿ.ಪಿ. ಕುಸಿಯುತ್ತದೆ. ಆ ಒಂದೆರಡು ದಿನ ಎಚ್ಚರದಿಂದ ನೋಡಿಕೊಂಡರೆ ಹೆಚ್ಚಿನವರು ಗೆದ್ದಂತೆ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಮಂಪರು: ಇವುಗಳಲ್ಲಿ ಒಂದು ಕಂಡರೂ ಪರಂಗಿ ಎಲೆ ಅರೆಯುತ್ತ ಕೂರದೆ ಆಸ್ಪತ್ರೆಗೆ ಹೊರಡಬೇಕು. ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು, ಆಸ್ಪಿರಿನ್ ಮುಟ್ಟಬಾರದು. ಹುಡುಗಿ ಆಸ್ಪತ್ರೆ ಸೇರಿದ ನಾಲ್ಕನೇ ದಿನ ಮನೆಗೆ ಬಂದು ಮೊದಲು ಕೇಳಿದ್ದು ಪಾನಿಪೂರಿ.

ಮನೆಗೆ ಬಂದ ಮೇಲೆ ಹುಡುಕಿದೆವು. ಡ್ರಮ್ಮು ನಮ್ಮಲ್ಲಿಲ್ಲ, ಓದಿದವರ ಮನೆಯಲ್ಲವೇ. ಸಿಕ್ಕಿದ್ದು ಫ್ರಿಜ್ಜಿನ ಹಿಂಬದಿಯಲ್ಲಿ, ಕರಗಿದ ನೀರು ಬಂದು ನಿಲ್ಲುವ ಕಪ್ಪು ತಟ್ಟೆಯಲ್ಲಿ. ಕೊಂಡ ದಿನದಿಂದ ಅದನ್ನು ಯಾರೂ ಎಳೆದು ನೋಡಿರಲಿಲ್ಲ.

ಅದೇ ವರ್ಷ ಸರ್ಕಾರ ಡೆಂಗಿ ಪರೀಕ್ಷೆಗೆ ದರ ಕಟ್ಟಿತು, ಎಲೈಸಾ ಎನ್‌ಎಸ್1ಕ್ಕೆ 300, ಐಜಿಎಂಗೆ 300. ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕವೆಂದು ಸಾರಿ ದಂಡವನ್ನೂ ಗೊತ್ತು ಮಾಡಿತು. ಸೊಳ್ಳೆ ಬೆಳೆಯಲು ಬಿಟ್ಟರೆ ನಗರದ ಮನೆಗಳಿಗೆ 400 ರೂಪಾಯಿ, ಅಂಗಡಿ, ಕಚೇರಿಗಳಿಗೆ 1,000, ಕಟ್ಟಡ ಕಾಮಗಾರಿ ಸ್ಥಳ, ಖಾಲಿ ಸೈಟುಗಳಿಗೆ 2,000. ಕೋಟಿಗಟ್ಟಲೆ ಸುರಿದು ಹದಿನೈದು ಮಹಡಿ ಎಬ್ಬಿಸುವವರಿಗೆ 2,000 ರೂಪಾಯಿ ಯಾವ ಲೆಕ್ಕ? ಎರಡು ದಿನಕ್ಕೊಮ್ಮೆ ನೀರು ಕಾಣುವ ಓಣಿಯಲ್ಲಿ 400 ಮಾತ್ರ ದೊಡ್ಡ ಮೊತ್ತವೇ.

ಮತ್ತೆ ಕ್ಯೂಬಾದ ಕಡೆ ನೋಡಬೇಕಾಗುತ್ತದೆ. 1981ರಲ್ಲಿ ಆ ಪುಟ್ಟ ದ್ವೀಪಕ್ಕೆ ರಕ್ತಸ್ರಾವದ ಡೆಂಗಿ ಅಪ್ಪಳಿಸಿತು. ನಾಲ್ಕೈದು ತಿಂಗಳಲ್ಲಿ 3,44,203 ಮಂದಿಗೆ ಕಾಯಿಲೆ, 158 ಸಾವು. ಸತ್ತವರಲ್ಲಿ 101 ಮಕ್ಕಳು. ಆ ಪೆಟ್ಟಿನ ಮೇಲೆ ಅವರು ಮನೆ ಮನೆ ತಪಾಸಣೆಯನ್ನು ವ್ರತದ ಹಾಗೆ ಹಿಡಿದರು. ಮೂರು ವರ್ಷದ ನಂತರ ಡಾಕ್ಟರು, ನರ್ಸು ಆಯಾ ಬೀದಿಯಲ್ಲೇ ವಾಸವಿದ್ದು ಅಕ್ಕಪಕ್ಕದ ಸಂಸಾರಗಳನ್ನು ನೋಡಿಕೊಳ್ಳುವ ಪದ್ಧತಿಯನ್ನೂ ತಂದರು. ತಾಯಿಯಿಂದ ಮಗುವಿಗೆ ಎಚ್‌ಐವಿ ಮತ್ತು ಸಿಫಿಲಿಸ್ ದಾಟುವುದನ್ನು ತಡೆದ ಮೊದಲ ದೇಶ ಎಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕ್ಯೂಬಾಕ್ಕೆ ಮನ್ನಣೆ ಕೊಟ್ಟಿತು. ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಕತೆ ಹೇಳಿದಂತೆ. 2025ರಲ್ಲಿ ಅದೇ ಕ್ಯೂಬಾ ಚಿಕೂನ್‌ಗುನ್ಯಾದಿಂದ ಮಲಗಿತು. ಕರೆಂಟಿಲ್ಲ, ನೀರಿಲ್ಲ, ಕಸದ ಲಾರಿಗೆ ಡೀಸೆಲ್ಲಿಲ್ಲ, ಬಹಳಷ್ಟು ಡಾಕ್ಟರುಗಳು ದೇಶ ಬಿಟ್ಟಿದ್ದರು. ನೀರು ನಿಂತು ನಿಂತು ಬಂದಾಗ ಹವಾನಾದ ಗೃಹಿಣಿಯೂ ತುಂಬಿಡಲೇಬೇಕು, ಹಲಸೂರಿನ ಅಕ್ಕನ ಹಾಗೆ. ಚಿಕೂನ್‌ಗುನ್ಯಾದ ನೋವು ನಮಗೇನು ಹೊಸದೇ? 2006ರಲ್ಲಿ ದೇಶದ 13 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದವೇ ಆಗಿದ್ದವು. ಮೊಣಕಾಲು ಹಿಡಿದುಕೊಂಡು ಕುಂಟುತ್ತಿದ್ದ ಊರೂರುಗಳು ಈಗಲೂ ಕಣ್ಣ ಮುಂದಿವೆ.

ನಮ್ಮಲ್ಲಿ ಬೀದಿಯ ಡಾಕ್ಟರಿಗೆ ಹತ್ತಿರದ ಪ್ರಯತ್ನವೆಂದರೆ 'ನಮ್ಮ ಕ್ಲಿನಿಕ್'. 2022ರ ಡಿಸೆಂಬರಿನಲ್ಲಿ ಹುಬ್ಬಳ್ಳಿಯಲ್ಲಿ ಶುರುವಾದ ಯೋಜನೆ. ರಾಜ್ಯಕ್ಕೆ 438, ಅದರಲ್ಲಿ ಬೆಂಗಳೂರಿಗೆ ವಾರ್ಡಿಗೊಂದರಂತೆ 243 ಎಂಬ ಲೆಕ್ಕ. ಒಳ್ಳೆಯ ಯೋಚನೆಯೇ. ಆದರೆ ಡಾಕ್ಟರು ಕ್ಲಿನಿಕ್ಕಿನಲ್ಲಿ ಕೂತಿರುತ್ತಾರೆ, ಸೊಳ್ಳೆ ಡ್ರಮ್ಮಿನಲ್ಲಿರುತ್ತದೆ. ನಡುವೆ ಓಡಾಡುವವರು ಆಶಾಗಳು. 2025ರ ಜನವರಿಯಲ್ಲಿ ಅವರು ಫ್ರೀಡಂ ಪಾರ್ಕಿನ ಚಳಿಯಲ್ಲಿ ಹಗಲೂ ರಾತ್ರಿ ಕೂತು ಕೇಳಿದ ಮೇಲೆ ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಸಿಕ್ಕಿತು. ನಾನು ಹಿಂದೆ ಸುತ್ತಿದ ಆಶಾ ಆ ಬೆಳಿಗ್ಗೆ ನಲವತ್ತು ಮನೆ ಮುಗಿಸುವಷ್ಟರಲ್ಲಿ ನನ್ನ ಮಂಡಿ ನೋಯುತ್ತಿತ್ತು. ಓಣಿಯ ಮನೆಗಳಲ್ಲಿ ಬೈದಾದರೂ ಬಾಗಿಲು ತೆಗೆಯುತ್ತಾರೆ, ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಸೆಕ್ಯುರಿಟಿಯವರು ಗೇಟಿನಿಂದಲೇ ವಾಪಸ್ ಕಳಿಸುತ್ತಾರೆ ಎಂದರು ಆಕೆ. ಅಂಥ ಕಡೆ ರಿಜಿಸ್ಟರಿನಲ್ಲಿ ಏನು ಬರೆಯುತ್ತೀರಿ ಎಂದು ಕೇಳಿದೆ. "ಬೀಗ ಹಾಕಿದೆ ಅಂತ ಬರೀತೀನಿ ಸರ್."

 ಇದನ್ನು ಓದಿ ಮುಗಿಸಿದ ಮೇಲೆ ಫ್ರಿಜ್ಜಿನ ಹಿಂದಿನ ತಟ್ಟೆ ಎಳೆದು ನೋಡಿ, ತಾರಸಿಗೆ ಹೋಗಿ ಸಿಂಟೆಕ್ಸ್ ಮುಚ್ಚಳ ಸರಿಯಾಗಿ ಕೂತಿದೆಯೇ ನೋಡಿ ಬನ್ನಿ. ವಾರದ ನಡುವೆ ಟಾರ್ಚು ಹಿಡಿದ ಹೆಂಗಸೊಬ್ಬರು ಬಂದರೆ ಒಳಗೆ ಬಿಡಿ ಎಂದು ಗೇಟಿನವರಿಗೆ ಈಗಲೇ ಹೇಳಿಡಿ.